ನ್ಯಾಯಸ್ಥಾನದ ಮುಂದೆ ಸರ್ಕಾರ



ಶಹಾಬಾದಿಗೆ ಸಮೀಪದಲ್ಲಿ ಮರತೂರು ಎಂಬ ಗ್ರಾಮವಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ಊರೆಂದು ಅದು ಪ್ರಸಿದ್ಧವಾಗಿದೆ. ಆ ಗ್ರಂಥವನ್ನು ನಾವು ಸಾಮಾನ್ಯವಾಗಿ ನೆನೆಯುವುದು ಅಣ್ಣತಮ್ಮಂದಿರ ಆಸ್ತಿಹಂಚಿಕೆಯ ಸಂದರ್ಭದಲ್ಲಿ. ಆದರೆ ಅದು ಯಾವ ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವೋ ಆ ಸ್ಮೃತಿಯ ವ್ಯವಹಾರಾಧ್ಯಾಯದ ಮೊದಲಲ್ಲಿಯೇ ಮತ್ತೊಂದು ವಿಧಿಯುಂಟು. ನ್ಯಾಯಸಭೆಯಲ್ಲಿ ಕುಳಿತ ಸಭ್ಯರು ಪಕ್ಷಪಾತದಿಂದಾಗಲಿ, ಲೋಭದಿಂದಾಗಲಿ, ಭಯದಿಂದಾಗಲಿ ಶಾಸ್ತ್ರಕ್ಕೆ ವಿರುದ್ಧವಾಗಿ ನಡೆದರೆ, ಆ ವ್ಯಾಜ್ಯದ ದಂಡದ ಎರಡರಷ್ಟನ್ನು ಅವರಲ್ಲಿ ಪ್ರತಿಯೊಬ್ಬನೂ ಬೇರೆ ಬೇರೆಯಾಗಿ ತೆರತಕ್ಕದ್ದು. ‘ಬೇರೆ ಬೇರೆಯಾಗಿ’ ಎಂಬುದನ್ನು ಗಮನಿಸಬೇಕು. ದಂಡವು ಸಭೆಗಲ್ಲ, ತಪ್ಪಿದ ಸಭ್ಯನಿಗೆ.

ಸರ್ಕಾರವೂ ಅದರ ವಕೀಲರೂ ನ್ಯಾಯಸ್ಥಾನಕ್ಕೆ ಹೇಗೆ ಉತ್ತರ ಹೇಳುತ್ತಾರೆ ಎಂಬ ಇಂದಿನ ಪ್ರಶ್ನೆಯ ತಿರುಳು ಇದೇ ಆಗಿದೆ. ಸರ್ಕಾರ ಎಂಬ ಶಬ್ದಕ್ಕೆ ಕೈಕಾಲುಗಳಿಲ್ಲ. ಆಜ್ಞೆಯನ್ನು ಪಾಲಿಸುವವನೂ ಮುರಿಯುವವನೂ ಹೆಸರುಳ್ಳ ಒಬ್ಬ ಮನುಷ್ಯನೇ. ಆ ಹೆಸರನ್ನು ಕಂಡುಹಿಡಿಯುವವರೆಗೆ ತೀರ್ಪೆಂಬುದು ಕಾಗದದ ಮೇಲಿನ ಮಸಿ.

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. 1949ರಲ್ಲಿ ಜಹಗೀರುಗಳು ರದ್ದಾದವು. 1950ರಲ್ಲಿ ಬಂದ ಸಂವಿಧಾನವು ರಾಜ್ಯದ ಮೇಲೆ ಅದರ ಹೆಸರಿನಲ್ಲಿಯೇ ದಾವೆ ಹೂಡಬಹುದೆಂದು 300ನೆಯ ವಿಧಿಯಲ್ಲಿ ಒಪ್ಪಿಕೊಂಡಿತು. 226ನೆಯ ವಿಧಿಯಲ್ಲಿ ಉಚ್ಚ ನ್ಯಾಯಾಲಯಕ್ಕೆ ಅಧಿಕಾರಿಗಳ ಮೇಲೆ ಆಜ್ಞೆ ಹೊರಡಿಸುವ ಅಧಿಕಾರ ಕೊಟ್ಟಿತು. ದೊರೆಯ ಸಮ್ಮುಖದಲ್ಲಿ ಬೇಡುತ್ತಿದ್ದವನು ಸರ್ಕಾರದ ಎದುರು ಸಮಾನ ಕಕ್ಷಿಗಾರನಾದನು.

ಆದರೆ ಸಮಾನತೆಯು ಕಟಕಟೆಯವರೆಗೆ ಬಂದಷ್ಟು ಸುಲಭವಾಗಿ ಖಜಾನೆಯವರೆಗೆ ಹೋಗುವುದಿಲ್ಲ. ಶಹಾಬಾದಿನ ಸುತ್ತ ಕಲ್ಲಿನ ಗಣಿಗಳಿವೆ. ವಾಡಿಯಲ್ಲಿಯೂ ಸೇಡಮಿನಲ್ಲಿಯೂ ಸಿಮೆಂಟಿನ ಕಾರ್ಖಾನೆಗಳಿವೆ. ಚಿಂಚೋಳಿಯ ಕಡೆ ಮುಲ್ಲಾಮಾರಿಯ ನೀರನ್ನು ಕಟ್ಟಿನಿಲ್ಲಿಸಲಾಗಿದೆ. ಇಂತಹ ನಾಡಿನಲ್ಲಿ ಹೊಲವನ್ನು ಬಿಟ್ಟುಕೊಡಬೇಕಾದ ಸಂದರ್ಭಗಳು ಅಪರೂಪವಲ್ಲ. ತೊಗರಿ ಬೆಳೆಯುತ್ತಿದ್ದ ಒಬ್ಬ ರೈತನ ಕಪ್ಪು ನೆಲವು 1894ರ ಭೂಸ್ವಾಧೀನ ಕಾಯಿದೆಯ ಮೇರೆಗೆ ಸರ್ಕಾರಕ್ಕೆ ಸೇರಿತೆಂದು ಇಟ್ಟುಕೊಳ್ಳೋಣ. ಕಚೇರಿಯು ಗೊತ್ತುಮಾಡಿದ ಬೆಲೆ ಸಾಲದೆಂದು ಅವನು ನ್ಯಾಯಸ್ಥಾನಕ್ಕೆ ಹೋದನು. ನ್ಯಾಯಾಧೀಶರು ಹತ್ತು ಲಕ್ಷ ರೂಪಾಯಿ ಹೆಚ್ಚು ಕೊಡಿಸಿದರು. ಸ್ವಾಧೀನದ ದಿನದಿಂದ ಮೊದಲ ವರ್ಷಕ್ಕೆ ನೂರಕ್ಕೆ 9, ಆಮೇಲೆ ನೂರಕ್ಕೆ 15ರಂತೆ ಬಡ್ಡಿ ಸಲ್ಲಬೇಕೆಂಬುದು ಆ ಕಾಯಿದೆಯ ಲೆಕ್ಕ. ಹತ್ತು ವರ್ಷ ಕಳೆದರೆ ಬಡ್ಡಿಯೇ 14,40,000 ರೂಪಾಯಿ, ಅಸಲಿಗಿಂತ ಮಿಗಿಲು. ಕಡತವನ್ನು ಕಪಾಟಿನಲ್ಲಿಟ್ಟ ಅಧಿಕಾರಿಯ ಜೇಬಿನಿಂದ ಇದರಲ್ಲಿ ಒಂದು ಕಾಸೂ ಹೋಗದು. ಕೊಡುವವರು ತೆರಿಗೆ ತೆರುವ ನಾವೆಲ್ಲರೂ. ಇತ್ತ ರೈತನಾದರೋ ಅಷ್ಟರಲ್ಲಿ ಮಗಳ ಮದುವೆಗೆ ಸಾಲ ಮಾಡಿರುತ್ತಾನೆ. ಇಲ್ಲವೆ ತಾನೇ ತೀರಿಕೊಂಡಿರುತ್ತಾನೆ.

ಸರ್ಕಾರದ ಮೇಲಿನ ಡಿಕ್ರಿಯು ಮೂರು ತಿಂಗಳಾದರೂ ತೀರದಿದ್ದರೆ ಮಾತ್ರ ಅಮಲ್ಜಾರಿ ಮಾಡಿಸಬಹುದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 82ನೆಯ ಪ್ರಕರಣವು ಹೇಳುತ್ತದೆ. ಅನಂತರ ಜಪ್ತಿ. ನ್ಯಾಯಸ್ಥಾನದ ಅಮೀನರು ಬಂದು ಕಚೇರಿಯ ಕುರ್ಚಿ, ಮೇಜು, ಗಣಕಯಂತ್ರ, ಜೀಪುಗಳನ್ನು ಹೊರಗೆ ಸಾಗಿಸುವ ಚಿತ್ರವನ್ನು ಪತ್ರಿಕೆಗಳಲ್ಲಿ ನಾವೆಲ್ಲ ನೋಡಿದ್ದೇವೆ. ನೋಡಿ ನಗುವವರುಂಟು. ಆದರೆ ಜಪ್ತಿಯಾದದ್ದು ಯಾರ ಕುರ್ಚಿ? ಅದೂ ಸಾರ್ವಜನಿಕರದೇ. ಕುರ್ಚಿಯು ಅಪರಾಧ ಮಾಡಲಿಲ್ಲ. ಅದರಲ್ಲಿ ಕುಳಿತವನು ಮಾಡಿದನು, ಮತ್ತು ಅವನು ಆ ವೇಳೆಗೆ ಬೇರೊಂದು ಊರಿಗೆ ವರ್ಗವಾಗಿ ಹೋಗಿರುವುದೂ ಉಂಟು.

ಈ ಕಾರಣದಿಂದಲೇ ಸರ್ವೋಚ್ಚ ನ್ಯಾಯಾಲಯವು ಕ್ರಮಕ್ರಮವಾಗಿ ವ್ಯಕ್ತಿಯನ್ನು ಹುಡುಕತೊಡಗಿತು. ದಾವೆಗೆ ಎರಡು ತಿಂಗಳು ಮುಂಚೆ ಸರ್ಕಾರಕ್ಕೆ ನೋಟೀಸು ಕೊಡಬೇಕೆಂಬ 80ನೆಯ ಪ್ರಕರಣದ ಉದ್ದೇಶವು, ನ್ಯಾಯವಾದ ಬೇಡಿಕೆಯನ್ನು ಅಲ್ಲಿಯೇ ಮುಗಿಸಲೆಂದು. ಅನೇಕ ವೇಳೆ ಅಂಥ ನೋಟೀಸಿಗೆ ಉತ್ತರವೇ ಬರುವುದಿಲ್ಲ, ಬಂದರೂ ಅಸ್ಪಷ್ಟವಾಗಿರುತ್ತದೆ. 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಆ ನ್ಯಾಯಾಲಯವು, ಉತ್ತರದ ಹೊಣೆ ಹೊರಲು ನಿರ್ದಿಷ್ಟ ಅಧಿಕಾರಿಯನ್ನು ನೇಮಿಸಬೇಕೆಂದೂ, ಹೊಣೆ ತಪ್ಪಿದಲ್ಲಿ ಖರ್ಚನ್ನು ಅವನಿಂದಲೇ ವಸೂಲು ಮಾಡುವಂತೆ ಆಜ್ಞಾಪಿಸಬಹುದೆಂದೂ ಹೇಳಿತು. 2020ರಲ್ಲಿ ಮಧ್ಯಪ್ರದೇಶ ಸರ್ಕಾರವು 663 ದಿನ ತಡವಾಗಿ ಅಪೀಲು ತಂದಾಗ ಅದನ್ನು ತಳ್ಳಿಹಾಕಿ, 25,000 ರೂಪಾಯಿ ದಂಡವನ್ನು ತಪ್ಪಿತಸ್ಥ ಅಧಿಕಾರಿಗಳಿಂದ ವಸೂಲು ಮಾಡಿಸಿತು. ವಜಾ ಆಗಲೆಂದೇ ತಡಮಾಡಿ ಅಪೀಲು ಹಾಕಿ, ‘ನ್ಯಾಯಾಲಯವೇ ತಳ್ಳಿಹಾಕಿತು, ನಾವೇನು ಮಾಡುವುದು’ ಎಂದು ಕಡತ ಮುಚ್ಚುವ ಜಾಣತನವನ್ನು ಅದು ಬಯಲಿಗೆಳೆಯಿತು.

ಕೊನೆಯ ಆಯುಧವು ನ್ಯಾಯಾಲಯ ನಿಂದನೆ. 1971ರ ಕಾಯಿದೆಯ ಪ್ರಕಾರ ಆಜ್ಞೆಯನ್ನು ಬುದ್ಧಿಪೂರ್ವಕವಾಗಿ ಮೀರಿದವನಿಗೆ ಆರು ತಿಂಗಳವರೆಗೆ ಸಾದಾ ಸಜೆಯೂ 2,000 ರೂಪಾಯಿವರೆಗೆ ಜುಲ್ಮಾನೆಯೂ ಆಗಬಹುದು. ಇದು ಬರಿಯ ಬೆದರಿಕೆಯಲ್ಲ. ಬೆಂಗಳೂರು ಮಹಾನಗರಪಾಲಿಕೆಯ ಎಂಜಿನಿಯರೊಬ್ಬರ ಬಡ್ತಿಯ ವಿಷಯದಲ್ಲಿ ಆಜ್ಞೆಯನ್ನು ನಡೆಸದ ಕರ್ನಾಟಕ ಸರ್ಕಾರದ ಹಿರಿಯ ಕಾರ್ಯದರ್ಶಿಗೆ 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ತಿಂಗಳ ಸಜೆಯನ್ನು ವಿಧಿಸಿತು. ಆದರೆ ಹರಿತವಾದ ಕತ್ತಿಯನ್ನು ಹಿಡಿಯುವ ಕೈ ಸ್ಥಿರವಾಗಿರಬೇಕು. ಮಾತುಮಾತಿಗೆ ಅಧಿಕಾರಿಗಳನ್ನು ಕರೆಯಿಸಿ ನಿಲ್ಲಿಸಬಾರದು, ಅವರ ಉಡುಪನ್ನು ಕುರಿತು ಟೀಕಿಸಬಾರದು ಎಂದು ಅದೇ ನ್ಯಾಯಾಲಯವು 2024ರ ಜನವರಿಯಲ್ಲಿ ನಿಯಮಗಳನ್ನು ರಚಿಸಿತು. ಇದು ಯುಕ್ತವಾದುದು. ಸೇಡಮಿನ ಅಧಿಕಾರಿಯೊಬ್ಬನು ಕಲಬುರಗಿಯ ಮೊಗಸಾಲೆಯಲ್ಲಿ ದಿನವಿಡೀ ಕಾದರೆ ಸೇಡಮಿನ ಕಚೇರಿಯ ಬಾಗಿಲಲ್ಲಿ ನೂರು ಜನ ಕಾಯಬೇಕಾಗುತ್ತದೆ.

ಇನ್ನು ಸರ್ಕಾರಿ ವಕೀಲರ ಮಾತು. ಖಾಸಗಿ ವಕೀಲನಂತೆ ಇವರಿಗೂ ಕಕ್ಷಿಗಾರನಿದ್ದಾನೆ. ಆದರೆ ಆ ಕಕ್ಷಿಗಾರನು ಪ್ರಜೆಗಳೆಲ್ಲರ ಪ್ರತಿನಿಧಿ, ಎದುರುಪಕ್ಷದ ರೈತನೂ ಅವರಲ್ಲಿ ಒಬ್ಬನು. ಆದ್ದರಿಂದ ಗೆಲ್ಲುವುದೊಂದೇ ಅವರ ಧರ್ಮವಾಗಲಾರದು. ಸಲ್ಲತಕ್ಕದ್ದನ್ನು ಸಲ್ಲಿಸಿರೆಂದು ಇಲಾಖೆಗೆ ಹೇಳುವುದು, ನ್ಯಾಯಪೀಠಕ್ಕೆ ಸತ್ಯವನ್ನು ಮರೆಮಾಡದಿರುವುದು, ವೃಥಾ ಗಡುವು ಕೇಳದಿರುವುದು, ಇವೂ ಅವರ ಕೆಲಸವೇ. ವೃತ್ತಿಧರ್ಮಕ್ಕೆ ತಪ್ಪಿದ ವಕೀಲನನ್ನು 1961ರ ವಕೀಲರ ಕಾಯಿದೆಯಂತೆ ವಕೀಲರ ಪರಿಷತ್ತು ಎಚ್ಚರಿಸಬಹುದು, ಅಮಾನತಿನಲ್ಲಿಡಬಹುದು, ಪಟ್ಟಿಯಿಂದಲೇ ಹೆಸರು ತೆಗೆದುಹಾಕಬಹುದು. ಈ ಹುದ್ದೆಗಳನ್ನು ಕೃಪೆಯಿಂದ ಹಂಚದೆ ಯೋಗ್ಯತೆಯನ್ನು ನೋಡಿ ಕೊಡಬೇಕೆಂದು 2016ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿರುವುದು ಬಹು ಮುಖ್ಯವಾದ ಮಾತು. ಯೋಗ್ಯನಾದ ವಕೀಲನು ಅಧಿಕಾರಿಗೆ ‘ಇದು ಆಗದು’ ಎನ್ನಬಲ್ಲನು; ಕೃಪಾಪಾತ್ರನು ‘ಹಾಗೇ ಆಗಲಿ’ ಎನ್ನುತ್ತಾನೆ.

ವಕೀಲನು ಮಧ್ಯಸ್ಥನಾಗಿಯೂ ಸಲ್ಲಬಲ್ಲನೆಂಬುದಕ್ಕೆ ಚಿತ್ತಾಪುರವೇ ನಿದರ್ಶನ. 2025ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಪಥಸಂಚಲನಕ್ಕೆ ಅಲ್ಲಿಯ ತಹಸೀಲ್ದಾರರು ಅನುಮತಿ ನಿರಾಕರಿಸಿದರು. ಪಥಸಂಚಲನದ ಗುಣದೋಷಗಳು ನಮ್ಮ ಇಂದಿನ ವಿಷಯವಲ್ಲ. ನಿರಾಕರಣೆಯು ಪರೀಕ್ಷೆಗೆ ಒಳಗಾದ ಬಗೆಯನ್ನು ಮಾತ್ರ ನೋಡೋಣ. ಉಚ್ಚ ನ್ಯಾಯಾಲಯದ ಕಲಬುರಗಿ ಪೀಠವು ಭಾನುವಾರವೇ ಅರ್ಜಿಯನ್ನು ಆಲಿಸಿತು. ಹೊಸ ಅರ್ಜಿಗೆ ದಾರಿ ಮಾಡಿ, ಶಾಂತಿಸಭೆ ನಡೆಸಲು ಸೂಚಿಸಿತು. ಮುಂದೆ ಅಡ್ವೊಕೇಟ್ ಜನರಲರ ಕಚೇರಿಯಲ್ಲಿಯೇ ಎರಡು ಕಡೆಯವರೂ ಕುಳಿತು ಮಾತಾಡಿದರು. ನವೆಂಬರ್ 16ರಂದು ಷರತ್ತುಗಳಿಗೆ ಒಳಪಟ್ಟು ಸಂಚಲನವು ನಡೆಯಿತು. 2008ರವರೆಗೆ ಇಂಥ ಅರ್ಜಿಯನ್ನು ಹೊತ್ತು ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕಾಗಿತ್ತು. ಆ ವರ್ಷ ಕಲಬುರಗಿಗೆ ಸಂಚಾರಿ ಪೀಠ ಬಂದಿತು. 2013ರಲ್ಲಿ ಅದು ಖಾಯಂ ಆಯಿತು. ನ್ಯಾಯಸ್ಥಾನವು ಸಮೀಪಿಸಿದಷ್ಟೂ ಅಧಿಕಾರಿಗೆ ಉತ್ತರದ ಹೊಣೆಯೂ ಸಮೀಪಿಸುತ್ತದೆ.

ಆದರೆ ನ್ಯಾಯಾಧೀಶರು ಪ್ರತಿಯೊಂದು ಕಚೇರಿಯ ಕಪಾಟನ್ನೂ ತೆರೆದು ನೋಡಲಾರರು. ನಮ್ಮ ನಿಮ್ಮಂಥ ವಿದ್ಯಾವಂತರು ಮಾಡಬಹುದಾದ ಕೆಲಸ ಒಂದಿದೆ. ಕಚೇರಿಯಲ್ಲಿ ‘ಸರ್ಕಾರದಿಂದ ಇನ್ನೂ ಆಜ್ಞೆ ಬಂದಿಲ್ಲ’ ಎಂದು ಉತ್ತರ ದೊರೆತಾಗ, ‘ಯಾವ ಅಧಿಕಾರಿಯಿಂದ, ಯಾವ ತಾರೀಖಿನಿಂದ?’ ಎಂದು ವಿನಯವಾಗಿ, ಬರವಣಿಗೆಯಲ್ಲಿ ಕೇಳುವುದು. ಓದುಬರಹವಿಲ್ಲದವನ ಪರವಾಗಿಯೂ ಹಾಗೆ ಕೇಳಿ ಬರೆದುಕೊಡುವುದು. ಆ ಒಂದು ಕಾಗದವು ನಾಳೆ ನ್ಯಾಯಸ್ಥಾನದ ಮುಂದೆ ಸಾಕ್ಷಿಯಾಗಿ ನಿಲ್ಲಬಲ್ಲುದು. ಸಭೆಯನ್ನಲ್ಲ, ಸಭ್ಯನನ್ನು ದಂಡಿಸಬೇಕೆಂಬ ಪುರಾತನ ವಿಧಿಯು ಅರ್ಥವತ್ತಾಗುವುದು, ಸಭ್ಯನ ಹೆಸರನ್ನು ಪ್ರಜೆಗಳು ಬಲ್ಲವರಾದಾಗ ಮಾತ್ರ.