ಗೋಡೌನ್ ಕೆಲಸಕ್ಕೆ ಡಿಗ್ರಿ ಬೇಕಾ?

ಇವತ್ತಿನ ಮಾತು ಮುಖ್ಯವಾಗಿ ಹೊರನಾಡಿನಲ್ಲಿ ಹುಟ್ಟಿ ಬೆಳೆದು, ಈಗ ಯೂನಿವರ್ಸಿಟಿ ಬಾಗಿಲಲ್ಲಿ ನಿಂತಿರುವ ನಮ್ಮ ಮಕ್ಕಳಿಗೆ. ನಾನು ವಾಣಿಜ್ಯ ಓದಿದವಳಲ್ಲ, ವ್ಯಾಪಾರ ಮಾಡಿದವಳೂ ಅಲ್ಲ. ಕನ್ನಡ ಎಂ.ಎ. ಮಾಡಿ, ಮದುವೆಯಾಗಿ ಮಲೇಷ್ಯಾಕ್ಕೆ ಬಂದು, ಮನೆ ನೋಡಿಕೊಂಡು, ಭಾನುವಾರ ಒಂದಿಷ್ಟು ಮಕ್ಕಳಿಗೆ ಕನ್ನಡ ಕಲಿಸುವ ಗೃಹಿಣಿ. ಆದರೂ ಈ ವಿಷಯ ಆರಿಸಿಕೊಂಡಿದ್ದಕ್ಕೆ ಕಾರಣ ನಾನೇ ಆಡಿದ ಒಂದು ಮಾತು. ಆ ಮಾತು ಆಡಬಾರದಿತ್ತು.

ಮೂರು ವರ್ಷದ ಹಿಂದೆ ಒಂದು ಸಂಜೆ ನನ್ನ ಮಗಳು ಅಡುಗೆಮನೆಗೆ ಬಂದು, "ಅಮ್ಮಾ, ನಾನು ಬಿಸಿನೆಸ್ ಓದ್ತೀನಿ, ಅದರಲ್ಲಿ ಲಾಜಿಸ್ಟಿಕ್ಸ್ ತಗೋತೀನಿ" ಅಂದಳು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ತಿರುಗಿಯೂ ನೋಡದೆ, "ಗೋಡೌನ್ ಕೆಲಸಕ್ಕೆ ಡಿಗ್ರಿ ಬೇಕಾ?" ಅಂದುಬಿಟ್ಟೆ. ಅವಳು ಏನೂ ಹೇಳದೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಕನ್ನಡ ಎಂ.ಎ.ಗೆ ಸೇರುತ್ತೇನೆ ಅಂದಾಗ ನಮ್ಮ ದೊಡ್ಡಪ್ಪ, "ಕನ್ನಡ ಓದೋಕೆ ಕಾಲೇಜು ಯಾಕೆ? ಮನೇಲಿ ಎಲ್ಲರೂ ಅದನ್ನೇ ಮಾತಾಡ್ತೀವಲ್ಲ" ಅಂದು ನಕ್ಕಿದ್ದರು. ಆ ನಗು ನನಗೆ ಇವತ್ತಿಗೂ ನೆನಪಿದೆ. ಅದೇ ನಗುವನ್ನು ನಾನು ನನ್ನ ಮಗಳ ಕೈಗೆ ಕೊಟ್ಟಿದ್ದೆ. ಬೆಳಿಗ್ಗೆ ಅವಳ ಹತ್ತಿರ ಹೋಗಿ, "ಏನು ಓದ್ತಾರೆ ಅದರಲ್ಲಿ? ನನಗೆ ಹೇಳು" ಅಂತ ಕೇಳಿದೆ. ಅಂದಿನಿಂದ ಅವಳಿಂದ ಕಲಿತದ್ದು, ನಾನಾಗಿ ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ.

ಲಾಜಿಸ್ಟಿಕ್ಸ್ ಅಂದರೆ ಬೇಕಾದ ವಸ್ತು, ಬೇಕಾದ ಹೊತ್ತಿಗೆ, ಬೇಕಾದ ಜಾಗಕ್ಕೆ, ಕೈಗೆಟಕುವ ಖರ್ಚಿನಲ್ಲಿ ಕೆಡದೆ ತಲುಪುವಂತೆ ನೋಡಿಕೊಳ್ಳುವ ವಿದ್ಯೆ. ನೂರು ಜನರ ಮದುವೆ ಅಡುಗೆ ನಡೆಸಿದವರಿಗೆ ಇದರ ಗುಟ್ಟು ಗೊತ್ತು. ಬಾಳೆಲೆ ಹಾಕಿದ ಮೇಲೆ ಉಪ್ಪು ತರಲು ಅಂಗಡಿಗೆ ಓಡಿದರೆ ಏನು ಪ್ರಯೋಜನ? ಈ ಮದುವೆ ಅಡುಗೆಯನ್ನು ಇಡೀ ಭೂಮಿಗೆ ಹಿಗ್ಗಿಸಿ ನೋಡಿ. ನಮ್ಮ ಪೋರ್ಟ್ ಕ್ಲಾಂಗ್ ಬಂದರು 2023ರಲ್ಲಿ ಸುಮಾರು 1.4 ಕೋಟಿ ಕಂಟೇನರ್‌ಗಳನ್ನು ನಿಭಾಯಿಸಿತು. ಇದು ಇಪ್ಪತ್ತು ಅಡಿಯ ಪೆಟ್ಟಿಗೆಯನ್ನು ಒಂದು ಅಂತ ಎಣಿಸಿದ ಲೆಕ್ಕ. ಇವುಗಳಲ್ಲಿ ಎಷ್ಟೋ ಪೆಟ್ಟಿಗೆಗಳು ಮಲೇಷ್ಯಾಕ್ಕೆ ಬಂದವೇ ಅಲ್ಲ. ಒಂದು ಹಡಗಿನಿಂದ ಇಳಿದು ಇನ್ನೊಂದು ಹಡಗು ಹತ್ತಿ ಮುಂದೆ ಹೋಗುವಂಥವು.

ಈ ಪೆಟ್ಟಿಗೆಯ ಹಿಂದೆ ಒಬ್ಬ ಲಾರಿಯವನ ಕಥೆ ಇದೆ. ಅಮೆರಿಕದ ಮಾಲ್ಕಂ ಮೆಕ್ಲೀನ್ ಸಾಗಣೆ ಉದ್ಯಮಕ್ಕೆ ಇಳಿದದ್ದು ಒಂದು ಲಾರಿಯಿಂದ. ಮೂಟೆಗಳನ್ನು ಒಂದೊಂದಾಗಿ ಹಡಗಿಗೆ ಏರಿಸುವುದರ ಬದಲು ಇಡೀ ಪೆಟ್ಟಿಗೆಯನ್ನೇ ಎತ್ತಿ ಇಟ್ಟರೆ ಹೇಗೆ ಎಂಬುದು ಅವನ ಯೋಚನೆ. 1956ರಲ್ಲಿ 'ಐಡಿಯಲ್ ಎಕ್ಸ್' ಎಂಬ ಹಡಗು ಅಂಥ 58 ಪೆಟ್ಟಿಗೆ ಹೊತ್ತು ನ್ಯೂಅರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಜಗತ್ತಿನ ವ್ಯಾಪಾರದ ರೀತಿಯೇ ಅಲ್ಲಿಂದ ಬದಲಾಯಿತು. ಮೆಕ್ಲೀನ್ ಯೂನಿವರ್ಸಿಟಿಗೆ ಹೋದವನಲ್ಲ.

ಹಾಗಾದರೆ ಡಿಗ್ರಿ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಮನೆಯ ಊಟದ ಮೇಜಿನ ಮೇಲೆ.

ಹೋದ ವರ್ಷ ನಮ್ಮ ಭಾನುವಾರದ ತರಗತಿಗೆ ಬೆಂಗಳೂರಿನಿಂದ ಒಂಬತ್ತು ಪೆಟ್ಟಿಗೆ ಕನ್ನಡ ಪುಸ್ತಕ ತರಿಸಿದೆವು. ವಿಮಾನದಲ್ಲಿ ದುಬಾರಿ ಎಂದು ಹಡಗಿಗೆ ಹಾಕಿಸಿದೆವು, ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರ್‌ನಲ್ಲಿ. ಕಾಗದಪತ್ರದ ಜವಾಬ್ದಾರಿ ನಾನೇ ವಹಿಸಿಕೊಂಡಿದ್ದೆ. ಪುಸ್ತಕ ತಾನೇ, ಅದರಲ್ಲೇನಿದೆ ಅಂತ ನನ್ನ ಧೈರ್ಯ. ಸರಕು ಬಂದರಿಗೆ ಬಂತು, ಅಲ್ಲೇ ಕೂತಿತು. ಕೆಲವು ದಿನ ಉಚಿತ, ಆಮೇಲೆ ದಿನದಿನವೂ ಬಾಡಿಗೆ. ಏಜೆಂಟರು ಫೋನಿನಲ್ಲಿ ಹೇಳುವ ಒಂದು ಮಾತೂ ನನಗೆ ತಲೆಗೆ ಹತ್ತಲಿಲ್ಲ. ಕನ್ನಡದಲ್ಲಿ ಹತ್ತು ಪುಟ ಪ್ರಬಂಧ ಬರೆಯಬಲ್ಲ ನಾನು ಒಂದು ಹಾಳೆಯ ಮುಂದೆ ಬೆಪ್ಪಾಗಿ ಕೂತಿದ್ದೆ.

ಮಗಳು ಆಗ ಎರಡನೇ ವರ್ಷದಲ್ಲಿದ್ದಳು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್, ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹರಡಿದಳು. ಹತ್ತು ನಿಮಿಷ ಬೆರಳಿಟ್ಟು ಓದಿದಳು. "ಅಮ್ಮಾ, ಇಲ್ಲಿ ನಿನ್ನ ಹೆಸರಿದೆ, ಇಲ್ಲಿ ಸಂಘದ ಹೆಸರಿದೆ. ಇಬ್ಬರೂ ಒಂದೇ ಅಂತ ಕಸ್ಟಮ್ಸ್‌ನವರಿಗೆ ಹೇಗೆ ಗೊತ್ತಾಗಬೇಕು? ಇಲ್ಲಿ ಒಂಬತ್ತು ಪೆಟ್ಟಿಗೆ, ಇಲ್ಲಿ ಹತ್ತು ಅಂತಿದೆ. 'ಉಚಿತ ಕೊಡುಗೆ, ಬೆಲೆ ಇಲ್ಲ' ಅಂತ ಬರೆದಿದ್ದೀಯ. ಕೊಡುಗೆಯಾದರೂ ಬೆಲೆ ತೋರಿಸಲೇಬೇಕು." ಆಮೇಲೆ ವಸ್ತುಗಳ ವರ್ಗಸಂಖ್ಯೆಯ ವಿಚಾರ. ಜಗತ್ತಿನಲ್ಲಿ ಸಾಗುವ ಪ್ರತಿ ವಸ್ತುವಿಗೂ ಎಚ್.ಎಸ್. ಕೋಡ್ ಎಂಬ ಒಂದು ಸಂಖ್ಯೆ ಇದೆ, ಅದರ ಮೊದಲ ಆರು ಅಂಕಿ ಬಹುತೇಕ ಎಲ್ಲ ದೇಶಗಳಿಗೂ ಒಂದೇ. ಮುದ್ರಿತ ಪುಸ್ತಕದ್ದು 4901ರಿಂದ ಶುರು. ನಾನು ಅದನ್ನು ಬರೆದೇ ಇರಲಿಲ್ಲ.

ಎಲ್ಲ ಸರಿಮಾಡಿಸಿ ಪುಸ್ತಕ ಮನೆಗೆ ಬರಲು ಇನ್ನೂ ಹನ್ನೊಂದು ದಿನ ಹಿಡಿಯಿತು. ಬಂದರಿನ ಬಾಡಿಗೆ ಹಡಗಿನ ಬಾಡಿಗೆಗಿಂತ ಜಾಸ್ತಿಯಾಯಿತು. ತಪ್ಪು ನನ್ನದು, ಹಾಗಾಗಿ ಆ ದುಡ್ಡನ್ನು ನಾನೇ ಕಟ್ಟಿದೆ. ಪುಸ್ತಕ ಸಿಗುವಷ್ಟರಲ್ಲಿ ತರಗತಿ ಶುರುವಾಗಿ ಎರಡು ಭಾನುವಾರ ಕಳೆದಿತ್ತು. "ಸಾಮಾನು ಹೊರಡೋಕೆ ಮುಂಚೆ ಕಾಗದ ಸರಿಯಾಗಿ ಹೊರಡಬೇಕಮ್ಮಾ" ಅಂದಳು ಮಗಳು. ಗೋಡೌನ್ ಕೆಲಸ ಅಂತ ನಾನು ಯಾವುದನ್ನು ಅಂದಿದ್ದೆನೋ ಅದರ ಒಳಗೆ ಕಾನೂನು, ಲೆಕ್ಕ, ಭಾಷೆ, ತಾಳ್ಮೆ ನಾಲ್ಕೂ ಇದ್ದವು.

ಡಿಗ್ರಿ ಕೊಡುವುದು ಇದನ್ನು. ಇನ್ನೊಬ್ಬರು ನೂರು ಸಲ ಮಾಡಿದ ತಪ್ಪನ್ನು ನೀವು ದುಡ್ಡು ಕಟ್ಟಿ ಕಲಿಯಬೇಕಾಗಿಲ್ಲ, ತರಗತಿಯಲ್ಲೇ ಕಲಿಯಬಹುದು. ದಾರಿಯಲ್ಲಿ ಸರಕು ಹಾಳಾದರೆ ನಷ್ಟ ಮಾರಿದವನದೋ ಕೊಂಡವನದೋ? ಇದನ್ನು ತೀರ್ಮಾನಿಸಲು ಇನ್‌ಕೋಟರ್ಮ್ಸ್ ಎಂಬ ನಿಯಮಗಳಿವೆ, 1936ರಿಂದ ಬಳಕೆಯಲ್ಲಿವೆ, 2020ರ ಆವೃತ್ತಿಯಲ್ಲಿ ಹನ್ನೊಂದು. ಇನ್ನು 2020ರ ಮಾರ್ಚ್ ನೆನಪಿಸಿಕೊಳ್ಳಿ. ಲಾಕ್‌ಡೌನ್ ಸುದ್ದಿ ಬಂದ ಕೂಡಲೇ ನಾವೆಲ್ಲ ಒಂದು ಪ್ಯಾಕೆಟ್ ಬೇಕಾದಲ್ಲಿ ಮೂರು ಕೊಂಡೆವು. ಅಂಗಡಿಯವನು ಅದನ್ನು ನೋಡಿ ಐದರಷ್ಟು ಆರ್ಡರ್ ಕೊಡುತ್ತಾನೆ, ಸಗಟು ವ್ಯಾಪಾರಿ ಹತ್ತರಷ್ಟು ಕೇಳುತ್ತಾನೆ. ಚಾವಟಿಯ ಹಿಡಿ ಸ್ವಲ್ಪ ಅಲ್ಲಾಡಿದರೂ ತುದಿ ದೊಡ್ಡದಾಗಿ ಬೀಸುತ್ತದಲ್ಲ, ಹಾಗೆ. ಇದಕ್ಕೆ 'ಬುಲ್‌ವಿಪ್' ಪರಿಣಾಮ ಅನ್ನುತ್ತಾರೆ. ಇದನ್ನು ಮೊದಲೇ ಊಹಿಸುವುದು ಹೇಗೆ, ತಗ್ಗಿಸುವುದು ಹೇಗೆ ಎಂದು ಈ ಮಕ್ಕಳು ಲೆಕ್ಕ ಹಾಕಿ ಕಲಿಯುತ್ತಾರೆ.

2021ರ ಮಾರ್ಚ್‌ನಲ್ಲಿ 'ಎವರ್ ಗಿವನ್' ಹಡಗು ಸೂಯೆಜ್ ಕಾಲುವೆಯಲ್ಲಿ ಆರು ದಿನ ಅಡ್ಡ ಸಿಕ್ಕಿಕೊಂಡಿತಲ್ಲ, ಅದು ನಮ್ಮ ಜೋಹೋರ್‌ನ ತಂಜುಂಗ್ ಪೆಲೆಪಾಸ್ ಬಂದರಿನಿಂದ ರಾಟರ್‌ಡ್ಯಾಮ್‌ಗೆ ಹೊರಟಿದ್ದ ಹಡಗು. ಇಂಥ ದಿನ ಸರಕನ್ನು ಕಾಯಿಸಬೇಕೋ, ಆಫ್ರಿಕಾ ಸುತ್ತಿಸಬೇಕೋ ಎಂದು ತೀರ್ಮಾನಿಸಲು ಯಾರೋ ಒಬ್ಬರು ಕುರ್ಚಿಯಲ್ಲಿ ಕೂತಿರಬೇಕು. ಆ ಕುರ್ಚಿಗೆ ಓದು ಬೇಕು.

ಮಲೇಷ್ಯಾದಲ್ಲಿ ಈ ಓದಿಗೆ ಒಳ್ಳೆಯ ಜಾಗಗಳಿವೆ. 1984ರಲ್ಲಿ ಶುರುವಾಗಿ ಈಗ ಕೆಡಾ ರಾಜ್ಯದ ಸಿಂತೋಕ್‌ನಲ್ಲಿರುವ ಯೂನಿವರ್ಸಿಟಿ ಉತಾರಾ ಮಲೇಷ್ಯಾ ಮ್ಯಾನೇಜ್‌ಮೆಂಟ್ ಶಿಕ್ಷಣಕ್ಕೇ ಹೆಸರಾದದ್ದು, ಅಲ್ಲಿ ಲಾಜಿಸ್ಟಿಕ್ಸ್ ಓದಬಹುದು. ತೆರೆಂಗಾನುವಿನ ಯೂನಿವರ್ಸಿಟಿಯಲ್ಲಿ ಕಡಲ ವ್ಯವಹಾರದ ನಿರ್ವಹಣೆ ಓದಬಹುದು. ಶಾ ಆಲಂನಲ್ಲಿ ಎಂ.ಐ.ಟಿ.ಯ ಸಹಯೋಗದಲ್ಲಿ 2011ರಲ್ಲಿ ಸ್ನಾತಕೋತ್ತರ ಓದಿಗೆ ಒಂದು ಸಪ್ಲೈ ಚೈನ್ ಸಂಸ್ಥೆ ಶುರುವಾಗಿತ್ತು. ಯೂನಿವರ್ಸಿಟಿ ಮಲೇಷ್ಯಾ ಕೆಲಾಂತನ್ ಉದ್ಯಮಶೀಲತೆಯನ್ನೇ ತನ್ನ ಗುರುತು ಮಾಡಿಕೊಂಡಿದೆ. ಸರ್ಕಾರದ 2015ರಿಂದ 2025ರವರೆಗಿನ ಉನ್ನತ ಶಿಕ್ಷಣ ಯೋಜನೆಯಲ್ಲೂ ಮೊದಲ ಗುರಿಯೇ ಉದ್ಯಮಶೀಲ ಮನಸ್ಸಿನ, ಸಮತೋಲದ ಪದವೀಧರರನ್ನು ರೂಪಿಸುವುದು. ಎರಡು ವರ್ಷ ಯೂನಿವರ್ಸಿಟಿಯಲ್ಲಿ, ಎರಡು ವರ್ಷ ಉದ್ಯಮದಲ್ಲಿ ಕಲಿಯುವ '2u2i' ಪದ್ಧತಿಯೂ ಬಂದಿದೆ. ನಮ್ಮ ಹಿರಿಯರು ದೇಶ ಸುತ್ತಬೇಕು, ಕೋಶ ಓದಬೇಕು ಅಂದದ್ದು ಇದನ್ನೇ ಅಲ್ಲವೇ?

ಇನ್ನು ಸ್ವಂತ ಉದ್ಯಮದ ಮಾತು. ಉದ್ಯಮಶೀಲತೆಯನ್ನು ತರಗತಿಯಲ್ಲಿ ಕಲಿಸಲು ಆಗುತ್ತದಾ? ಅರ್ಧ ಮಾತ್ರ ಆಗುತ್ತದೆ ಎಂದು ನನಗೆ ಅನಿಸುತ್ತದೆ. ನಾವು ದಿನಾ ಬಳಸುವ ಗ್ರ್ಯಾಬ್ ನೋಡಿ. ಆಂಥೋನಿ ತಾನ್ ಮತ್ತು ತಾನ್ ಹೂಯಿ ಲಿಂಗ್ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಹಪಾಠಿಗಳು. ಅಲ್ಲಿನ ಸ್ಪರ್ಧೆಗೆ ಬರೆದ ಯೋಜನೆ 2012ರಲ್ಲಿ ಕೌಲಾಲಂಪುರದಲ್ಲಿ 'ಮೈಟೆಕ್ಸಿ' ಎಂದು ರಸ್ತೆಗಿಳಿಯಿತು. ಕಾಗದದ ಯೋಜನೆ ತರಗತಿಯದು. ಟ್ಯಾಕ್ಸಿಯವರನ್ನು ಒಬ್ಬೊಬ್ಬರಾಗಿ ಒಪ್ಪಿಸಿದ ಕೆಲಸ ಬೀದಿಯದು. ಆಂಥೋನಿ ಅವರದು ದೊಡ್ಡ ವಾಹನ ವ್ಯಾಪಾರದ ಮನೆತನ ಎಂಬುದನ್ನೂ ಮರೆಯಬಾರದು. ಎಲ್ಲರಿಗೂ ಆ ಆಸರೆ ಇರುವುದಿಲ್ಲ.

ನಮ್ಮ ನಾಡಿನಲ್ಲೇ ನೋಡಿ. ಗದಗಿನ ಮುದ್ರಣ, ಪ್ರಕಾಶನದ ಮನೆಯಲ್ಲಿ ಹುಟ್ಟಿದ ವಿಜಯ ಸಂಕೇಶ್ವರ ಅವರು 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾಗಣೆ ಶುರು ಮಾಡಿದರು. ಅದೇ ಮುಂದೆ ಹುಬ್ಬಳ್ಳಿಯ ವಿ.ಆರ್.ಎಲ್. ಆಗಿ ಬೆಳೆದು, 2015ರಲ್ಲಿ ಷೇರುಪೇಟೆಗೂ ಬಂತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿ ಸಾಮಾನ್ಯರನ್ನು ವಿಮಾನ ಹತ್ತಿಸಿದರು. ಅವರೇ 2009ರಲ್ಲಿ 'ಡೆಕ್ಕನ್ 360' ಎಂಬ ಸರಕು ಸಾಗಣೆ ಕಂಪನಿ ಕಟ್ಟಿದರು, ಅದು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಗೆದ್ದ ಕಥೆಯ ಜೊತೆ ಈ ಕಥೆಯನ್ನೂ ಓದಿ. ಅದೇ ಮನುಷ್ಯ, ಅದೇ ಧೈರ್ಯ, ಆದರೂ ಒಂದು ನಿಂತಿತು. ಸೋತಾಗ ಎಷ್ಟು ಕಳೆದುಕೊಳ್ಳಬಲ್ಲೆ ಎಂದು ಮೊದಲೇ ಲೆಕ್ಕ ಹಾಕುವುದನ್ನು ಒಳ್ಳೆಯ ಬಿಸಿನೆಸ್ ಶಿಕ್ಷಣ ಕಲಿಸಬೇಕು.

ಕನ್ನಡ ಓದಿದವಳಾಗಿ ಇನ್ನೊಂದು ಮಾತು ಹೇಳದೆ ಇರಲಾರೆ. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರಿನಲ್ಲಿ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘ ಇತ್ತು. ತಮ್ಮ ವ್ಯಾಪಾರದ ನೀತಿಯನ್ನು ಅವರು 'ವೀರಬಣಂಜುಧರ್ಮ' ಎಂದು ಕರೆದುಕೊಂಡರು. ಈ ಐನೂರ್ವರ ಶಾಸನ ಮಲಾಕ್ಕಾ ಜಲಸಂಧಿಯ ಆಚೆ, ಸುಮಾತ್ರಾದ ಬಾರುಸ್‌ನಲ್ಲಿ ಸಿಕ್ಕಿದೆ. ಕಾಲ 1088, ಭಾಷೆ ತಮಿಳು. ಹಡಗಿನಲ್ಲಿ ಬಂದವರು ಸಲ್ಲಿಸಬೇಕಾದ ಪಾವತಿಯ ವಿಚಾರ ಅದರಲ್ಲಿದೆ. ಹಾಗಾಗಿ ಈ ಕಡಲಿಗೆ ನೀವು ಹೊಸಬರಲ್ಲ. ಸರಕು ಸಾಗಿಸುವುದನ್ನು ಕೀಳು ಕೆಲಸ ಎಂದು ನಮ್ಮ ಹಿರಿಯರು ಎಣಿಸಿರಲಿಲ್ಲ. ಎಣಿಸಿದ್ದು ನನ್ನಂಥವರು.

ಈ ಕೋರ್ಸ್ ಸೇರುವ ಯೋಚನೆ ಇದ್ದರೆ ಕಟ್ಟಡ, ಜಾಹೀರಾತು ನೋಡಿ ಸೇರಬೇಡಿ. ಮೂರು ಪ್ರಶ್ನೆ ಕೇಳಿ. ಇಂಡಸ್ಟ್ರಿಯಲ್ ಟ್ರೇನಿಂಗ್ ಎಷ್ಟು ತಿಂಗಳು, ಎಲ್ಲಿ, ಅಲ್ಲಿ ಕೆಲಸ ಕಲಿಸುವವರು ಯಾರು? ಕೆಲವು ಕಡೆ ಮಕ್ಕಳು ತಿಂಗಳುಗಟ್ಟಲೆ ಜೆರಾಕ್ಸ್ ಮಾಡಿಸಿಕೊಂಡು ಬರುತ್ತಾರೆ ಎಂದು ಮಗಳ ಗೆಳತಿಯರು ಹೇಳುತ್ತಾರೆ. ಎರಡನೆಯದು, ಅಂಕಿಸಂಖ್ಯೆ ಮತ್ತು ಕಾಗದಪತ್ರ ಎರಡನ್ನೂ ಕೈಯಾರೆ ಮಾಡಿಸುತ್ತಾರಾ? ಮೂರನೆಯದು, ಉದ್ಯಮಶೀಲತೆಯ ತರಗತಿಯಲ್ಲಿ ನಿಜವಾದ ವಸ್ತುವನ್ನು ನಿಜವಾದ ಜನರಿಗೆ ಮಾರಿ ಲೆಕ್ಕ ಒಪ್ಪಿಸಬೇಕಾ, ಅಥವಾ ಸ್ಲೈಡ್ ತೋರಿಸಿದರೆ ಸಾಕಾ?

ಕಾಯದೇ ಈಗಲೇ ಮಾಡಬಹುದಾದದ್ದೂ ಇದೆ. ಮುಂದಿನ ಯುಗಾದಿಗೋ ರಾಜ್ಯೋತ್ಸವಕ್ಕೋ ಒಂದು ಸ್ಟಾಲ್ ಹಾಕಿ. ಚುರುಮುರಿ ಮಾರಿದರೂ ಸರಿ. ಅಮ್ಮನ ದುಡಿಮೆಗೂ ಬೆಲೆ ಕಟ್ಟಿ, ಉಳಿದು ಕೆಟ್ಟದ್ದನ್ನೂ ಖರ್ಚಿಗೆ ಸೇರಿಸಿ ಲಾಭ ಲೆಕ್ಕ ಹಾಕಿ. ನಿಜವಾದ ಪಾಠ ಅಲ್ಲಿ ಶುರುವಾಗುತ್ತದೆ. ನಿಮ್ಮ ಬಾಯಲ್ಲಿ ಮಲಯ್, ಇಂಗ್ಲಿಷ್ ಇವೆ, ಮನೆಯಲ್ಲಿ ಕನ್ನಡ ಇದೆ, ಅಕ್ಕಪಕ್ಕದಿಂದ ತಮಿಳೋ ಚೀನೀ ಭಾಷೆಯೋ ಬಂದಿರುತ್ತದೆ. ಬೆಂಗಳೂರಿನವರ ಜೊತೆಗೂ ಕ್ಲಾಂಗ್‌ನವರ ಜೊತೆಗೂ ಅವರವರ ಮಾತಿನಲ್ಲಿ ವ್ಯವಹರಿಸುವುದು ಈ ಕೆಲಸದಲ್ಲಿ ದೊಡ್ಡ ಬಂಡವಾಳ.

ಕೇಳುತ್ತಿರುವ ಅಪ್ಪ ಅಮ್ಮಂದಿರಿಗೆ ಒಂದೇ ವಿನಂತಿ. ಮಕ್ಕಳು ನಿಮಗೆ ಗೊತ್ತಿಲ್ಲದ ಓದಿನ ಹೆಸರು ಹೇಳಿದರೆ ಒಲೆ ಆರಿಸಿ, ತಿರುಗಿ ನೋಡಿ, ಅದೇನು ಎಂದು ಕೇಳಿ. ಬೇಡ ಅನ್ನುವುದಿದ್ದರೆ ಆಮೇಲೂ ಅನ್ನಬಹುದು.

ನನ್ನ ಮಗಳು ಈಗ ಕೊನೆಯ ವರ್ಷದ ಟ್ರೇನಿಂಗ್‌ಗೆ ಪೋರ್ಟ್ ಕ್ಲಾಂಗ್‌ಗೆ ಹೋಗಿಬರುತ್ತಿದ್ದಾಳೆ. ಮುಂದೆ ಕೆಲಸಕ್ಕೆ ಸೇರುತ್ತಾಳೋ, ಸ್ವಂತದ್ದು ಮಾಡುತ್ತಾಳೋ ಅವಳಿಗೇ ಇನ್ನೂ ಗೊತ್ತಿಲ್ಲ. ಸಂಜೆ ಬೂಟಿನ ತುಂಬ ಧೂಳು ಹೊತ್ತು ಬರುತ್ತಾಳೆ. ಊಟಕ್ಕೆ ಕೂತಾಗ, "ಇವತ್ತು ಗೋಡೌನ್‌ನಲ್ಲಿ ಏನಾಯಿತು?" ಎಂದು ನಾನೇ ಕೇಳುತ್ತೇನೆ. ಅವಳು ಹೇಳಲು ಶುರು ಮಾಡಿದರೆ ಸಾರು ತಣ್ಣಗಾಗುತ್ತದೆ.