ತೂಕ ಇಳಿಸುವ ಲೆಕ್ಕದಲ್ಲಿ ಯೋಗದ ಪಾಲೆಷ್ಟು?

(ಶ್ರೀಮಠದ ತಿಂಗಳ ಅನುಭಾವಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಮಠದ ಬೆಳಗಿನ ಯೋಗ ತರಗತಿಗೆ ಬರುವ ಗೃಹಸ್ಥರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: “ಇದರಿಂದ ತೂಕ ಎಷ್ಟು ಇಳಿಯುತ್ತದೆ?” ಅದಕ್ಕೆ ಉತ್ತರ ಹೇಳುವ ಹೊಣೆಯನ್ನು ಪೂಜ್ಯರು ನನಗೆ ಒಪ್ಪಿಸಿದ್ದಾರೆ. ನಾನು ವೈದ್ಯನಲ್ಲ; ನೀರಾವರಿ ಇಲಾಖೆಯಲ್ಲಿ ಕೆರೆ, ಕಾಲುವೆಗಳ ಲೆಕ್ಕ ಬರೆದು ನಿವೃತ್ತನಾದ ಎಂಜಿನಿಯರ್. ಆ ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ.

ಕೆರೆಯ ನೀರಿನ ಮಟ್ಟವನ್ನು ನಿರ್ಧರಿಸುವುದು ಒಳಹರಿವು ಮತ್ತು ಹೊರಹರಿವು. ದೇಹಕ್ಕೆ ಊಟ ಒಳಹರಿವು. ಉಸಿರಾಟ, ದುಡಿಮೆ, ನಡಿಗೆ ಹೊರಹರಿವು. ಮಿಕ್ಕಿದ್ದು ಕೊಬ್ಬಾಗಿ ನಿಲ್ಲುತ್ತದೆ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿಯಷ್ಟು ಕೊರತೆ ಬೀಳಬೇಕು. 75 ಕಿಲೋ ತೂಕದವರು ಸುಮ್ಮನೆ ಕುಳಿತರೂ ಗಂಟೆಗೆ ಸುಮಾರು 75 ಕ್ಯಾಲರಿ ಖರ್ಚಾಗುತ್ತದೆ. ನಿಧಾನವಾಗಿ ಆಸನ ಮಾಡಿದರೆ ಅದರ ಎರಡೂವರೆ ಪಟ್ಟು, ಅಂದರೆ 190ರ ಆಸುಪಾಸು. ಹಾಗೆ ನೋಡಿದರೆ ಒಂದು ಗಂಟೆಯ ಯೋಗದಿಂದ ಹೆಚ್ಚಾದ ಖರ್ಚು ಸುಮಾರು 110 ಕ್ಯಾಲರಿ ಮಾತ್ರ.

ಈಗ ತುಪ್ಪದ ಲೆಕ್ಕ ನೋಡಿ. ಒಂದು ಗ್ರಾಂ ತುಪ್ಪಕ್ಕೆ 9 ಕ್ಯಾಲರಿ. ದೊಡ್ಡ ಚಮಚದಲ್ಲಿ 15 ಗ್ರಾಂ ಹಿಡಿದರೆ 135. ಹೋಳಿಗೆಯ ಮೇಲೆ ಬೀಳುವ ಒಂದು ಚಮಚ ತುಪ್ಪಕ್ಕೇ ಒಂದು ಗಂಟೆಯ ಯೋಗ ಸಾಲುವುದಿಲ್ಲ. ಹೋಳಿಗೆಯ ಲೆಕ್ಕ ಬೇರೆ! ಊಟ ಬದಲಿಸದೆ ಯೋಗವೊಂದರಿಂದಲೇ ಒಂದು ಕಿಲೋ ಇಳಿಸಲು 70 ಗಂಟೆ ಬೇಕು. ಹತ್ತು ದಿನದಲ್ಲಿ ಹತ್ತು ಕಿಲೋ ಇಳಿಸುತ್ತೇವೆ ಎನ್ನುವ ಜಾಹೀರಾತುಗಳು ಈ ಲೆಕ್ಕದ ಮುಂದೆ ನಿಲ್ಲಲಾರವು.

ಹಾಗಾದರೆ ಯೋಗ ಯಾಕೆ ಬೇಕು? ಯೋಗದ ದೊಡ್ಡ ಕೆಲಸ ನಡೆಯುವುದು ಒಳಹರಿವಿನ ಗೇಟಿನ ಹತ್ತಿರ. ನಾವು ಹಸಿದಾಗಷ್ಟೇ ತಿನ್ನುವುದಿಲ್ಲ. ಚಿಂತೆಗೆ ತಿನ್ನುತ್ತೇವೆ, ಬೇಸರಕ್ಕೆ ತಿನ್ನುತ್ತೇವೆ, ಟಿವಿ ನೋಡುತ್ತಾ ತಿನ್ನುತ್ತೇವೆ. ನಿದ್ದೆ ಕೆಟ್ಟ ಮರುದಿನ ಹಸಿವೂ ಹೆಚ್ಚು. ಉಸಿರಿನ ಮೇಲೆ ಗಮನವಿಟ್ಟು ಅಭ್ಯಾಸ ಮಾಡಿದವರಿಗೆ, ಕೈ ತಟ್ಟೆಗೆ ಹೋಗುವ ಮುಂಚೆ ಒಂದು ಕ್ಷಣ ನಿಲ್ಲುವುದು ಸುಲಭವಾಗುತ್ತದೆ. ಹಸಿವು ಯಾವುದು, ಚಪಲ ಯಾವುದು ಎಂದು ಗೊತ್ತಾಗುತ್ತದೆ. ಮಂಡಿ, ಸೊಂಟ ಸಡಿಲವಾದರೆ ನಡೆಯುವ ಉತ್ಸಾಹವೂ ಬರುತ್ತದೆ.

ಆದ್ದರಿಂದ ಮೂರು ಕೆಲಸ ಒಟ್ಟಿಗೆ ಸಾಗಬೇಕು. ಮೊದಲನೆಯದು ನಡಿಗೆ: ವಾರಕ್ಕೆ ಕನಿಷ್ಠ 150 ನಿಮಿಷ, ಚುರುಕಾಗಿ. ನಿಧಾನದ ಆಸನಗಳಿಗಿಂತ ಇದರ ಹೆಚ್ಚುವರಿ ಖರ್ಚು ಸುಮಾರು ಎರಡರಷ್ಟು. ಎರಡನೆಯದು ಯೋಗ: ತಾಡಾಸನ, ತ್ರಿಕೋನಾಸನ, ಉತ್ಕಟಾಸನ, ಭುಜಂಗಾಸನ, ಸೇತುಬಂಧಾಸನ, ಕೊನೆಗೆ ತಪ್ಪದೆ ಶವಾಸನ. ಕೆಳಗೆ ಕೂರಲಾಗದವರು ಕುರ್ಚಿ ಹಿಡಿದು ಮಾಡಲಿ. ರಕ್ತದೊತ್ತಡ, ಗ್ಲಾಕೋಮಾ ಇದ್ದವರಿಗೆ ಶೀರ್ಷಾಸನ ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮೂರನೆಯದು ತಟ್ಟೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗುರಿ ದೊಡ್ಡದಾಗಿರಬೇಕಿಲ್ಲ. 80 ಕಿಲೋ ಇದ್ದವರು ನಾಲ್ಕು ಕಿಲೋ, ಅಂದರೆ ನೂರಕ್ಕೆ ಐದು ಪಾಲು ಇಳಿಸಿದರೂ ರಕ್ತದೊತ್ತಡ, ಸಕ್ಕರೆ ಸುಧಾರಿಸುತ್ತವೆ. ವಾರಕ್ಕೊಮ್ಮೆ ತೂಗಿ, ತಿಂಗಳಿಗೊಮ್ಮೆ ಸೊಂಟ ಅಳೆಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ.

ಶರಣ ಬಂಧುಗಳೇ, ಶೂನ್ಯಸಂಪಾದನೆಯಲ್ಲಿ ಗೋರಕ್ಷನ ಪ್ರಸಂಗ ನೀವೆಲ್ಲ ಕೇಳಿದ್ದೀರಿ. ಯೋಗಸಾಧನೆಯಿಂದ ವಜ್ರಕಾಯ ಪಡೆದಿದ್ದ ಅವನ ಮೈಗೆ ಕತ್ತಿ ತಾಗಿದರೆ ಖಣಿಲೆಂದು ಸದ್ದಾಯಿತು. ಅದೇ ಕತ್ತಿ ಅಲ್ಲಮಪ್ರಭುದೇವರ ಮೈಯಲ್ಲಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ದೇಹವನ್ನು ಗಟ್ಟಿ ಮಾಡಿಕೊಳ್ಳುವುದೇ ಸಾಧನೆಯ ಕೊನೆ ಎಂದು ಪ್ರಭುದೇವರು ಒಪ್ಪಲಿಲ್ಲ. ಹಾಗೆಂದು ದೇಹವನ್ನು ಕಡೆಗಣಿಸುವುದೂ ನಮ್ಮ ದಾರಿಯಲ್ಲ. ಕಾಯಕ ಮಾಡಬೇಕಾದದ್ದು ಈ ಕಾಯವೇ. ಕನ್ನಡಿಯ ಮುಂದೆ ಚೆನ್ನಾಗಿ ಕಾಣಲೆಂದು ಶುರುಮಾಡಿದ ಯೋಗ ಬೇಗ ನಿಂತುಹೋಗುತ್ತದೆ. ಕಾಯಕಕ್ಕೆ ಕಾಯ ಸಜ್ಜಾಗಿರಲೆಂದು ಮಾಡಿದ ಯೋಗಕ್ಕೆ ಪ್ರತಿದಿನ ಕಾರಣ ಇರುತ್ತದೆ.

ಇನ್ನು ತಟ್ಟೆಯ ಮಾತು. ಇದನ್ನು ಮಠದಲ್ಲೇ ಹೇಳಬೇಕು. ದಾಸೋಹದ ಪಂಕ್ತಿಯಲ್ಲಿ “ಪ್ರಸಾದಕ್ಕೆ ಬೇಡ ಅನ್ನಬಾರದು” ಎಂದು ಒತ್ತಾಯ ಮಾಡಿ ಹುಗ್ಗಿ ಬಡಿಸುತ್ತೇವೆ. ಬಡಿಸಿದ್ದನ್ನು ಬಿಡುವಂತಿಲ್ಲ ಎಂದು ಸಕ್ಕರೆ ಕಾಯಿಲೆಯವರೂ ಕಣ್ಣುಮುಚ್ಚಿ ಉಣ್ಣುತ್ತಾರೆ. ಮನೆಯಲ್ಲಿ ತಾಯಂದಿರು, ಕೆಡಬಾರದೆಂದು, ಉಳಿದ ಅನ್ನವನ್ನೆಲ್ಲ ತಾವೇ ಮುಗಿಸುತ್ತಾರೆ. ಪ್ರಸಾದವನ್ನು ಚೆಲ್ಲಬಾರದು ಎಂಬುದು ನಿಜ. ಆದರೆ ತಟ್ಟೆಗೆ ಬೀಳುವ ಮುಂಚೆ “ಸಾಕು” ಎಂದು ಕೈ ಅಡ್ಡ ಹಿಡಿಯುವುದು ಅವಮಾನವಲ್ಲ. ಬೇಕಾದಷ್ಟೇ ಪಡೆದು, ಒಂದಗುಳೂ ಬಿಡದೆ ಉಣ್ಣುವವನೇ ಪ್ರಸಾದದ ಬೆಲೆ ತಿಳಿದವನು. ಅವನು ಬೇಡವೆಂದ ತುತ್ತು ಮುಂದಿನ ಪಂಕ್ತಿಯವರಿಗೆ ಸಿಗುತ್ತದೆ. ಅದೂ ದಾಸೋಹವೇ.

ಹೀಗಾಗಿ ಪೂಜ್ಯರ ಸನ್ನಿಧಿಯಲ್ಲಿ ಒಂದು ಬಿನ್ನಹ. ಮುಂದಿನ ದಾಸೋಹದಿಂದ ಪಲ್ಯ, ಕೋಸಂಬರಿ ಮೊದಲು ಬಡಿಸೋಣ. ಸಿಹಿಗೆ ಸಣ್ಣ ಸೌಟು ಇಡೋಣ. ಕೇಳಿ ಬಡಿಸೋಣ, ಬೇಡವೆಂದವರನ್ನು ಮತ್ತೆ ಒತ್ತಾಯಿಸದಿರೋಣ. ಬೆಳಗಿನ ಯೋಗ ತರಗತಿಗೆ ಮಧ್ಯಾಹ್ನದ ಪಂಕ್ತಿಯೂ ಜೊತೆಗೂಡಿದರೆ ಲೆಕ್ಕ ತಾಳೆಯಾಗುತ್ತದೆ.