ತಲಪಾಡಿಯ ಮಣ್ಣಿನ ರಾಶಿ



ಗಡಿಯ ಸಂಗತಿಯನ್ನು ಈ ಕೂಟದಲ್ಲಿ ಏಕೆ ಎತ್ತುತ್ತೀರಿ, ಭಾಷೆಯ ಜಗಳ ನಮಗೇಕೆ ಎಂದು ಕೆಲವರು ಕೇಳಿದರು. ನಾವು ಈ ದಿನ ಆಡುವುದು ಭಾಷೆಯ ಮಾತಲ್ಲ, ಕೂಲಿಯ ಮಾತು.

1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರಿಗೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಕೇರಳ ಒಪ್ಪಲಿಲ್ಲ, ವರದಿ ಜಾರಿಗೆ ಬರಲೂ ಇಲ್ಲ. ಭಾಷಣಗಳಾದವು, ಮೆರವಣಿಗೆಗಳಾದವು, ಆದರೆ ಬಸ್ಸು ನಿಲ್ಲಲಿಲ್ಲ. ರೋಗ ಬಂದರೆ ನಾವು ಮಂಗಳೂರಿಗೆ ಹೋದೆವು. ಕೆಲಸ ಸಿಕ್ಕಿದರೆ ಸುಳ್ಯ, ಪುತ್ತೂರಿನ ತೋಟಗಳಿಗೂ ಹೋದೆವು; ಆಚೆಯವರು ಈಚೆಗೆ ಬಂದರು. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಎರಡೂ ರಾಜ್ಯಗಳಿಗೆ ಸೇರಿದ ಕ್ಯಾಂಪ್ಕೊ ಮಂಗಳೂರಿನಲ್ಲಿ ಹುಟ್ಟಿತು. ಅಡಿಕೆಗೆ ಗಡಿ ಅಡ್ಡ ಬರಲಿಲ್ಲ, ಇದನ್ನು ನೆನಪಿಡಿ.

2020ರ ಮಾರ್ಚಿನಲ್ಲಿ ಕೋವಿಡ್ ಬಂತು. ಕರ್ನಾಟಕವು ತಲಪಾಡಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಸಿತು. ರೋಗ ಹರಡದಿರಲೆಂಬ ಅಂಜಿಕೆ ಸುಳ್ಳಲ್ಲ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆಂಬುಲೆನ್ಸನ್ನೂ ತಡೆದರು. ದಾರಿ ಸಿಗದೆ ಪ್ರಾಣಬಿಟ್ಟವರು ಈ ಜಿಲ್ಲೆಯವರೇ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸುವಂತೆ ಕೇಂದ್ರಕ್ಕೆ ಆಜ್ಞೆ ಮಾಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ರಾಜಿಯಾಗಿದೆ ಎಂದು ಕೇಂದ್ರವು ಅಲ್ಲಿ ತಿಳಿಸಿತು. ಕೋವಿಡ್ ಇಲ್ಲದ, ತುರ್ತು ಚಿಕಿತ್ಸೆ ಬೇಕಾದ ರೋಗಿಗೆ, ತಲಪಾಡಿಯಲ್ಲಿ ತಪಾಸಣೆಯಾದ ಮೇಲೆ ದಾರಿ.

ಹೀಗೆ ಬಾಗಿಲು ತೆರೆಯಿತು, ಆದರೆ ಒಂದು ಗೇಣು ಮಾತ್ರ. ಹಾಸಿಗೆ ಹಿಡಿದವನಿಗೆ ದಾರಿ, ಹಸಿದವನಿಗೆ ಇಲ್ಲ. ದುಡಿದ ದಿನಕ್ಕೆ ಮಾತ್ರ ಕೂಲಿ ಸಿಗುವ ನಮ್ಮವರಿಗೆ ಯಾವ ಕೋರ್ಟಿನಲ್ಲಿ ರಾಜಿಯಾಯಿತು? 2021ರ ಫೆಬ್ರವರಿಯಲ್ಲಿ ಮತ್ತೆ ಬಿಗಿಯಾಯಿತು. ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು, ಈ ನಾಲ್ಕೇ ದಾರಿ. ಕೈಯಲ್ಲಿ 72 ಗಂಟೆಯೊಳಗಿನ ಪರೀಕ್ಷೆಯ ಚೀಟಿ. ದಿನಾ ಹೋಗಿಬರುವವನು ಮೂಗು ಒಡ್ಡಿ ಸಾಲಿನಲ್ಲಿ ನಿಂತರೆ, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಏನು ಬೀಳುತ್ತದೆಂದು ನಿಮಗೇ ಗೊತ್ತು.

ತಪ್ಪು ಆಚೆಯವರದು ಮಾತ್ರವೇ? ಇಲ್ಲಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದರು. ಆ ಸಂಕಟ ಹೊತ್ತ ಮಕ್ಕಳನ್ನು ತಾಯಂದಿರು ಮಂಗಳೂರಿಗೇ ಎತ್ತಿಕೊಂಡು ಹೋಗಬೇಕಾಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲಿಟ್ಟವರು, ಅಲ್ಲಿ ರೋಗಿಗಳನ್ನು ಮಲಗಿಸಿದ್ದು ಗಡಿ ಮುಚ್ಚಿದ ಮೇಲೆ, 2020ರ ಏಪ್ರಿಲಿನಲ್ಲಿ. ಹತ್ತಿರದಲ್ಲಿ ಒಳ್ಳೆಯ ಆಸ್ಪತ್ರೆ ಇದ್ದಿದ್ದರೆ ತಲಪಾಡಿಯಲ್ಲಿ ಯಾರ ಕಾಲು ಹಿಡಿಯಬೇಕಿತ್ತು?

ಕಾಸರಗೋಡು ಯಾರಿಗೆ ಸೇರಬೇಕೆಂಬುದರಲ್ಲಿ ನಮ್ಮೊಳಗೇ ಎರಡು ಮನಸ್ಸಿದೆ, ಇರಲಿ. ಆದರೆ ಒಂದು ಬೇಡಿಕೆಯಲ್ಲಿ ನಾವೆಲ್ಲ ಒಂದೇ: ಮುಂದೆ ಗಡಿ ಮುಚ್ಚುವ ಸಂದರ್ಭ ಬಂದರೆ, ತೋಟದ ಹಾಜರಿ ಚೀಟಿಯನ್ನೇ ಪಾಸೆಂದು ಒಪ್ಪಬೇಕು, ಎರಡೂ ಜಿಲ್ಲಾಧಿಕಾರಿಗಳು ಇದನ್ನು ಈಗಲೇ ಬರಹದಲ್ಲಿ ಕೊಡಬೇಕು. ಅರ್ಜಿ ಸಿದ್ಧವಾಗಿದೆ. ಪ್ರಾರ್ಥನೆ ಮುಗಿದ ಮೇಲೆ, ಆಚೆ ಕೆಲಸಕ್ಕೆ ಹೋಗುವವರು ಬಾಗಿಲ ಬಳಿಯ ಮೇಜಿನಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ ಹೋಗಿರಿ.